ಭಜ್ಜಿಯ ಉಪ್ಪು

ಬೇಯುತ್ತಿರುವ ಸೊಪ್ಪು ಕಾಳುಗಳ ಮೇಲೆ, ಹುಣಸೆ ರಸದಲ್ಲಿ ಕದಡಿದ ಕಡಲೆ ಹಿಟ್ಟು ಬೀಳುವ ಗಳಿಗೆಯಲ್ಲಿ ಒಂದು ವಾಸನೆ ಏಳುತ್ತದೆ. ಮೊದಲು ಹುಳಿ, ಅದರ ಬೆನ್ನಿಗೆ ಮೆಂತ್ಯೆಯ ಕಹಿ, ಕಟ್ಟಕಡೆಗೆ ಹಸಿ ತೊಗರಿಯ ಎಳೆಗಂಪು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಭಾಲ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಪತ್ರಿಕೆ ಓದುತ್ತ ಕುಳಿತವನನ್ನು ಆ ವಾಸನೆ ಒಳಗಿನಿಂದ ಬಂದು ಮುಟ್ಟಿತು. ಅವ್ವ ತೀರಿಕೊಂಡು ನಲವತ್ತು ವರ್ಷಗಳಾದವು. ಅಷ್ಟು ಕಾಲದಲ್ಲಿ, ಭಜ್ಜಿಯೆಂದು ನಾವು ಕರೆಯುವ ಈ ಸೊಪ್ಪು ಕಾಳಿನ ಅಡುಗೆಯಲ್ಲಿ, ಯಾವ ಮನೆಯಲ್ಲೂ ಅದು ನನಗೆ ಸಿಕ್ಕಿರಲಿಲ್ಲ. ಕನ್ನಡಕ ಕೈಯಲ್ಲೇ ಹಿಡಿದು ಅಡುಗೆಮನೆಗೆ ಹೋಗಿ, ಇದನ್ನು ಯಾರು ಕಲಿಸಿದರೆಂದು ಸೊಸೆ ಶೋಭಾಳನ್ನು ಕೇಳಿದೆ. ಅವಳು ಡಬ್ಬಿಗೆ ಒರಗಿಸಿಟ್ಟ ಫೋನನ್ನು ತೋರಿಸಿದಳು. "ಗುಂಪಿನಾಗ ಬಂದಾದ್ರಿ ಮಾವಾರ. ಬೀದರದಾಗ ಚಿದ್ರಿಯವರು, ಮಹಿಬೂಬಿ ಅಂತ. ನಿಮ್ಮ ಊರಿನವರೇ ಅಂತಲ್ರಿ?" ಎಂದಳು. ವಾಸನೆ ಇನ್ನೂ ಮೂಗಿನಲ್ಲಿರುವಾಗಲೇ ನನ್ನ ಎದೆಯಲ್ಲಿ ಹೊಟ್ಟೆಕಿಚ್ಚಿನ ಕಿಡಿ ಬಿತ್ತು.

ಗುಂಪೆಂದರೆ ನಮ್ಮ ಜಿಲ್ಲೆಯ ಅಡುಗೆಗಳನ್ನು ಒಟ್ಟುಗೂಡಿಸಿ ಪುಸ್ತಕ ಮಾಡಲು ಹೊರಟವರ ವಾಟ್ಸಪ್ ಗುಂಪು. ಬೀದರ, ಭಾಲ್ಕಿ, ಔರಾದ ಕಡೆಯ ಹೆಣ್ಣುಮಕ್ಕಳೇ ಅದರಲ್ಲಿ ಹೆಚ್ಚು. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತ ಬದುಕಿದವನು ನಾನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಆ ಮೊಳೆಗಳೇ ಓದು ಕಲಿಸಿದವು. ಕರಡು ತಿದ್ದಲು ಅನುಕೂಲವಾದೀತೆಂದು ಸೊಸೆ ನನ್ನನ್ನೂ ಗುಂಪಿಗೆ ಸೇರಿಸಿದ್ದಳು. ನಾನು ಬರೀ ಕರಡು ತಿದ್ದಲಿಲ್ಲ. ತಮ್ಮ ಮನೆಯ ಹುಗ್ಗಿಯನ್ನು ಸುಲ್ತಾನರು ಉಂಡಿದ್ದರೆಂದು ಒಬ್ಬರು ಬರೆದಾಗ, ಉಂಡದ್ದನ್ನು ಕಂಡವರಾರೆಂದು ಕೇಳಿದೆ. ಮುತ್ತಜ್ಜಿಯ ಕಾಲದ ಪಲ್ಯವೆಂದು ಇನ್ನೊಬ್ಬರು ಬರೆದಾಗ, ಅದರಲ್ಲಿ ಟೊಮೆಟೊ ಹೇಗೆ ಬಂತೆಂದು ಕೇಳಿದೆ. ಹೇಳಿಕೆಯ ಮಾತನ್ನು ಸಾಕ್ಷಿಯಿಲ್ಲದೆ ನಂಬುವುದು ನನ್ನ ಜಾಯಮಾನವಲ್ಲ. ಆದರೆ ಅವ್ವನ ಎಳ್ಳಮಾವಾಸ್ಯೆಯ ಭಜ್ಜಿಯನ್ನು ನಾನೇ ನೆನಪಿನಿಂದ ಬರೆದು ಕಳಿಸಿದ್ದೆ. ಶೋಭಾ ಅದರಂತೆ ಮಾಡಿದಾಗ ಪಾತ್ರೆಯಲ್ಲಿ ಹಸಿರು ಕೆಸರೊಂದು ಉಳಿಯಿತು. ಮಗ ಎರಡು ತುತ್ತು ಉಂಡು ಮೊಸರು ಕೇಳಿದ. ಆ ಸೋಲು ಆರಿರಲಿಲ್ಲ, ಅಷ್ಟರಲ್ಲಿ ಈ ವಾಸನೆ.

ನನ್ನ ಹುಟ್ಟೂರು ಔರಾದ ತಾಲೂಕಿನ ಎಕಂಬಾ. ಒಂದೇ ಒಲೆಯಲ್ಲಿ ಹದಿನೆಂಟು ಜನಕ್ಕೆ ಅಡುಗೆಯಾಗುವ ಮನೆ. ಮಣ್ಣಿನ ಗೋಡೆಗಳು, ಬೇಸಿಗೆಯಲ್ಲಿ ತಂಪು, ಮೊದಲ ಹನಿ ಬಿದ್ದರೆ ಜೋಳದ ಕಣಜದ ವಾಸನೆ. ಆ ಒಲೆಯ ಒಡೆತನ ಅಜ್ಜಿಯದು. ನಾವು ಆಕೆಯನ್ನು ಆಯಿ ಎನ್ನುತ್ತಿದ್ದೆವು. ಸೌಟು ಮಾತ್ರ ಅವ್ವನ ಕೈಯಲ್ಲಿತ್ತು, ಅದರ ಮೇಲೆ ದೊಡ್ಡವ್ವನ ಕಣ್ಣಿತ್ತು. ಎಳ್ಳಮಾವಾಸ್ಯೆಯ ದಿನ ಬುಟ್ಟಿಗಳನ್ನು ಹೊತ್ತು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಎಂದರೆ ಅಡುಗೆಯ ಮೊದಲ ತುತ್ತನ್ನು ಬೆಳೆಯ ಮೇಲೆ ಎರಚಿ, ಉಣಿಸುವ ತನಕ ಯಾರೂ ಅಡುಗೆಯನ್ನು ನಾಲಿಗೆಗೆ ಮುಟ್ಟಿಸುವಂತಿರಲಿಲ್ಲ. ಹುಳಿಯೂ ಹಿಟ್ಟೂ ಸೇರಿದ ಭಜ್ಜಿ ಉಪ್ಪನ್ನು ನುಂಗಿಬಿಡುತ್ತದೆ, ಹದ ಅಂದಾಜಿಗೆ ಸಿಗುವುದಿಲ್ಲ. ಆದರೂ ಅವ್ವನ ಭಜ್ಜಿ ಒಂದು ವರ್ಷವೂ ತಪ್ಪಲಿಲ್ಲ. "ನನ್ನ ಸೊಸಿ ಕೈಗೇ ನಾಲಿಗಿ ಅದ," ಎಂದು ಆಯಿ ಊರಿಗೆಲ್ಲ ಹೇಳುತ್ತಿದ್ದಳು. ಸಕಲವನ್ನೂ ಸಂಶಯಿಸಿದ ನಾನು ಆ ಒಂದು ಮಾತನ್ನು ಎಪ್ಪತ್ತೆರಡರ ಈ ವಯಸ್ಸಿನ ತನಕ ಹೇಗೆ ನಂಬಿದೆನೋ! ಸುಳ್ಳನ್ನು ಸಹಿಸದ ಸ್ವಭಾವ ನನಗೆ ಚಿಕ್ಕಂದಿನಿಂದಲೂ ಇದೆ. ಒಮ್ಮೆ ತುಪ್ಪದ ಗಡಿಗೆ ಒಡೆದಾಗ ಅವ್ವ, ಬೆಕ್ಕು ಕೆಡವಿತೆಂದಳು. ಒಂಬತ್ತು ವರ್ಷದ ನಾನು ನಡುಮನೆಯಲ್ಲಿ ನಿಂತು, ಬೆಕ್ಕಲ್ಲ, ಅವ್ವನೇ ಕೆಡವಿದಳೆಂದು ಆಯಿಗೆ ಸಾರಿದೆ. ಆ ದಿನ ಅವ್ವ ಉಣ್ಣಲಿಲ್ಲ. ನಾನಾದರೋ, ನಿಜ ನುಡಿದೆನೆಂಬ ಹೆಮ್ಮೆಯಲ್ಲಿ ಎರಡು ರೊಟ್ಟಿ ಹೆಚ್ಚು ಉಂಡೆ.

ಮಹಿಬೂಬಿ ನಮ್ಮ ಪಕ್ಕದ ಮನೆಯ ಪಿಂಜಾರರ ಹುಡುಗಿ, ನನಗಿಂತ ಎರಡು ವರ್ಷ ಚಿಕ್ಕವಳು. ಅವಳಪ್ಪ ಹತ್ತಿ ಹಿಂಜುತ್ತಿದ್ದ. ಅವನ ಬಿಲ್ಲಿನ ಝೇಂಕಾರ ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ಗುಂಪಿನಲ್ಲಿ ಅವಳು ಬರೆದದ್ದು ಹೀಗಿತ್ತು: ಈ ಭಜ್ಜಿ ನನಗೆ ಎಕಂಬಾದ ಗುರಮ್ಮ ಕಾಕಿ ಕಲಿಸಿದ್ದು, ಒಲೆಯಿಂದ ಇಳಿಸಿದ ಕೂಡಲೇ ನನ್ನ ಅಂಗೈ ಮೇಲೆ ಹಾಕಿ ಉಪ್ಪು ಕೇಳುತ್ತಿದ್ದಳು. ಗುರಮ್ಮ ಎಂದರೆ ನನ್ನ ಅವ್ವ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನನ್ನ ಅಂಗೈ ಮೇಲೆ ಅವ್ವ ಎಂದೂ ಏನನ್ನೂ ಹಾಕಿ ಕೇಳಿರಲಿಲ್ಲ. ಚರಗಕ್ಕೆ ಮೊದಲು ನಮ್ಮ ತಾಯಿ ಒಂದಗುಳನ್ನೂ ಯಾರ ಬಾಯಿಗೂ ಹಾಕಿದವಳಲ್ಲ, ಇದು ಕಟ್ಟುಕಥೆ ಎಂದು ಎಲ್ಲರೆದುರು ಬರೆದುಬಿಟ್ಟೆ. ಹಲವರು ಹೆಬ್ಬೆರಳಿನ ಚಿತ್ರ ಒತ್ತಿ ನನ್ನನ್ನು ಮೆಚ್ಚಿದರು. ಅವಳು ಎದುರು ವಾದಿಸಲಿಲ್ಲ. "ಅಣ್ಣಾರು ಹೇಳಿದ್ದೇ ಖರೆ ಇರಬಹುದ್ರಿ. ಕಾಕಿ ಹೆಸರು ತಗೀರಿ," ಎಂದಷ್ಟೇ ಬರೆದಳು. ಕಟ್ಟುಕಥೆ ಹೇಳುವವರು ಇಷ್ಟು ಸುಲಭವಾಗಿ ಹಿಂದೆ ಸರಿಯುವುದನ್ನು ನಾನು ಕಂಡಿಲ್ಲ. ಆ ಸಂಶಯವೇ ನನ್ನನ್ನು ನಾಲ್ಕನೆಯ ದಿನ ಬೀದರದ ಬಸ್ಸು ಹತ್ತಿಸಿತು.

ಚಿದ್ರಿಯಲ್ಲಿ ಅವಳ ಮನೆಯ ಬಾಗಿಲಿಗೇ ಭಜ್ಜಿಯ ವಾಸನೆ ಎದುರಾಯಿತು. ಪುಸ್ತಕಕ್ಕೆ ಫೋಟೋ ಬೇಕೆಂದು ಕೇಳಿದ್ದರಂತೆ, ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಎಪ್ಪತ್ತರ ಮಹಿಬೂಬಿ ಸೆರಗಿನಿಂದ ಕೈ ಒರೆಸುತ್ತ ಬಂದು, "ಬರ್ರಿ ಅಣ್ಣಾ. ಜಗಳಕ್ಕೇ ಬಂದಿರಿ ಅಂದ್ರೂ ಮೊದಲ ಚಹಾ ಕುಡೀರಿ, ಆಮ್ಯಾಲ ಜಗಳ," ಎಂದಳು.

"ಅಂಗೈ ಮ್ಯಾಲ ಹಾಕ್ತಿದ್ಳು ಅಂತ ಬರ್ದಿ. ನೋಡ್ದವರು ಯಾರು?"

"ಯಾರೂ ನೋಡಬಾರ್ದು ಅಂತೇ ಕದ್ದು ಹಾಕ್ತಿದ್ಳಲ್ರಿ. ಸಾಕ್ಷಿ ಎಲ್ಲಿಂದ ತರ್ಲಿ?"

"ಹಂಗಾದ್ರ ಹೆಸರು ತಗೀರಿ ಅಂತ ಯಾಕಂದಿ?"

ಅವಳು ಒಳಗೆ ಹೋಗಿ ಉರಿ ಸಣ್ಣ ಮಾಡಿ ಬಂದಳು. ದನಿಯನ್ನೂ ಸಣ್ಣ ಮಾಡಿ, "ಕಾಕಿಗಿ ರುಚಿ ತಿಳೀತಿರ್ಲಿಲ್ಲರಿ ಅಣ್ಣಾ," ಎಂದಳು.

ನಾನು ಎಂಟು ವರ್ಷದವನಿದ್ದಾಗ ಅವ್ವನಿಗೆ ತಿಂಗಳುಗಟ್ಟಲೆ ಜ್ವರ ಬಂದದ್ದು ನನಗೂ ಗೊತ್ತು. ಜ್ವರದ ಸಂಗಡ ನಾಲಿಗೆಯ ರುಚಿಯೂ ಹೋಯಿತೆಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಆ ದಿನವೇ ಸೌಟು ದೊಡ್ಡವ್ವನ ಕೈ ಸೇರುತ್ತಿತ್ತು. ಹದಿನೆಂಟು ಜನರ ಮನೆಯಲ್ಲಿ ಅವ್ವನಿಗೆ ಇದ್ದ ಸ್ಥಾನವೆಂದರೆ ಆ ಸೌಟೊಂದೇ. ಆದ್ದರಿಂದ ಹಿತ್ತಲ ಗೋಡೆಯಲ್ಲಿ ಒಂದು ಕಲ್ಲು ಬಿದ್ದ ಕಿಂಡಿಯಿಂದ ಅವ್ವ ತುಸು ಭಜ್ಜಿ ಹಿಡಿದು ಕೈ ಚಾಚುತ್ತಿದ್ದಳಂತೆ, ಆಚೆ ಬದಿಯಿಂದ ಮಹಿಬೂಬಿಯ ಪುಟ್ಟ ಅಂಗೈ ಅದನ್ನು ಪಡೆಯುತ್ತಿತ್ತಂತೆ. ಉಪ್ಪು ಸಾಲದಿದ್ದರೆ ಗೋಡೆಗೆ ಒಂದು ಬಡಿತ, ಸರಿಯಿದ್ದರೆ ಎರಡು. ಎಂಜಲಾದರೆ ಪಾಪವಲ್ಲವೇ ಎಂದು ಹುಡುಗಿ ಒಮ್ಮೆ ಅಂಜಿ ಕೇಳಿದಳಂತೆ. "ಭೂಮಿತಾಯಿಗಿ ಸಪ್ಪಂದು ಉಣಸೂದು ಪಾಪ, ಕೂಸಿನ ಎಂಜಲಾ ಅಲ್ಲ," ಎಂದಳಂತೆ ಅವ್ವ.

ನಾನು ನಂಬದಿರಲು ಯತ್ನಿಸಿದೆ. ಆದರೆ ಆ ಕಿಂಡಿ ನನಗೆ ನೆನಪಿತ್ತು. ಅವ್ವನ ತೋಳು ಮೊಣಕೈ ತನಕ ಅದರೊಳಗಿದ್ದುದನ್ನು ನಾನು ಒಮ್ಮೆ ಕಂಡಿದ್ದೆ. ಏನೆಂದು ಕೇಳಿದಾಗ ಬೆಕ್ಕಿಗೆ ಹಾಕುತ್ತಿದ್ದೇನೆ ಎಂದಿದ್ದಳು, ಆ ಬೆಕ್ಕನ್ನು ಮಾತ್ರ ನಾನು ಪರೀಕ್ಷಿಸಲು ಹೋಗಿರಲಿಲ್ಲ. ಇನ್ನೂ ಒಂದು ನೆನಪು, ಅದಕ್ಕಿಂತ ಕಠಿಣವಾದದ್ದು: ಮಹಿಬೂಬಿ ಮದುವೆಯಾಗಿ ಬೀದರಕ್ಕೆ ಹೋದ ವರ್ಷವೇ ಅವ್ವ, ಸಾಕಾಯಿತೆಂದು ಹೇಳಿ, ಸೌಟನ್ನು ತಾನೇ ದೊಡ್ಡವ್ವನ ಕೈಗಿಟ್ಟಳು. ದಣಿವೆಂದುಕೊಂಡೆವು ನಾವೆಲ್ಲ. ಆ ಬಳಿಕ ಅವಳು ಬದುಕಿದ್ದಷ್ಟು ಕಾಲ ಒಲೆಯ ಮುಂದೆ ಕಾಣಲಿಲ್ಲ, ಕಟ್ಟೆಯ ಮೇಲೆ ಕುಳಿತು ಕಾಳು ಆರಿಸುತ್ತಿದ್ದಳು. ನಾಲಿಗೆಯುಳ್ಳ ಮಗನೊಬ್ಬ ಅದೇ ಮನೆಯಲ್ಲಿದ್ದ.

"ನನ್ನ ಯಾಕ ಕರೀಲಿಲ್ಲ?" ಎಂದೆ. ನನ್ನ ದನಿ ನನಗೇ ಒಂಬತ್ತು ವರ್ಷದವನದಾಗಿ ಕೇಳಿತು.

ಮಹಿಬೂಬಿ ನಕ್ಕಳು, ಆಮೇಲೆ ನಗಬಾರದಿತ್ತೆಂಬಂತೆ ನೆಲ ನೋಡಿದಳು. "ನಾನೂ ಕೇಳಿದ್ದೆರಿ. 'ನನ್ನ ಮಗನ ಹೊಟ್ಟ್ಯಾಗ ಖರೆ ನಿಲ್ಲಾಂಗಿಲ್ಲ, ತುಪ್ಪದ ಗಡಿಗಿ ಕೇಳು' ಅಂದ್ಳು."

ಎಕಂಬಾದ ಆ ಮನೆ ಈಗ ಇಲ್ಲ. ಗೋಡೆ ಬಿದ್ದ ಜಾಗದಲ್ಲಿ ಯಾರದೋ ಹಿಟ್ಟಿನ ಗಿರಣಿ ಇದೆ. ಕಿಂಡಿಯ ಎರಡು ಬದಿಯ ಕೈಗಳಲ್ಲಿ ಉಳಿದದ್ದು ಇವಳದೊಂದೇ. ಸುಳ್ಳುಗಾರ್ತಿ ಎನಿಸಿಕೊಂಡರೂ ಅವ್ವನ ಗುಟ್ಟನ್ನು ಗುಂಪಿನೆದುರು ಬಿಟ್ಟುಕೊಡದ ಆ ಕೈಯ ಮೇಲೆ ನನಗೆ ಗೌರವ ಹುಟ್ಟಿತು, ಹೊಟ್ಟೆಕಿಚ್ಚು ಅದರಿಂದ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಅಲ್ಲಿಯೇ ಕುಳಿತು ಫೋನಿನಲ್ಲಿ ಬರೆದೆ: ನನ್ನ ಆಕ್ಷೇಪ ತಪ್ಪು, ಮಹಿಬೂಬಿಯವರ ಮಾತು ನಿಜ, ಭಜ್ಜಿ ಅವರ ಹೆಸರಿನಲ್ಲೇ ಅಚ್ಚಾಗಲಿ, ನನ್ನದನ್ನು ತೆಗೆಯಿರಿ. ಕಾರಣ ಬರೆಯಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಅವಳನ್ನು ಕೇಳಿಯೇ. "ಬರೀರಿ ಅಣ್ಣಾ, ಈಗ ಸೌಟು ಕಸಗೊಳ್ಳೋರು ಯಾರದಾರ?" ಎಂದಳು. ಹೊಟ್ಟೆಯಲ್ಲಿ ನಿಜ ನಿಲ್ಲದೆಂಬ ಅವ್ವನ ಮಾತನ್ನು ಈ ವಯಸ್ಸಿನಲ್ಲೂ ನಾನೇ ರುಜುವಾತು ಮಾಡಿದಂತಾಯಿತು.

ಹೊರಡುವ ಮುನ್ನ ಅವಳು ಒಳಗಿನಿಂದ ಬಂದು ನನ್ನ ಕೈ ಹಿಡಿದು ಮಗುಚಿ, ಅಂಗೈ ಮೇಲೆ ಬಿಸಿ ಭಜ್ಜಿಯನ್ನು ಇಷ್ಟೇ ಇಷ್ಟು ಹಾಕಿ, ತಿರುಗಿ ಅಡುಗೆಮನೆಗೆ ಹೋದಳು. ನಮ್ಮಿಬ್ಬರ ನಡುವೆ ಒಂದು ಗೋಡೆಯಿತ್ತು. ನಾನು ನಾಲಿಗೆಗೆ ಮುಟ್ಟಿಸಿ ಬಹಳ ಹೊತ್ತು ಯೋಚಿಸಿದೆ. ಆಮೇಲೆ ಬೆರಳ ಗೆಣ್ಣಿನಿಂದ ಗೋಡೆಗೆ ಒಂದೇ ಸಲ ಬಡಿದೆ.

ಆಚೆಯಿಂದ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದ ಸಪ್ಪಳ ಕೇಳಿಸಿತು.