ನನ್ನ ಮುಖಕ್ಕೆ ನನ್ನದೇ ದನಿ

ಅರವತ್ತಾರನೇ ವಯಸ್ಸಿನಲ್ಲಿ ನಾನು ಸಿನಿಮಾದಲ್ಲಿ ಕಾಣಿಸಿಕೊಂಡೆ. ಅಲ್ಲಿಯವರೆಗೆ ಕೇಳಿಸುತ್ತಿದ್ದೆ, ಅಷ್ಟೇ. ಮೈಸೂರಿನಲ್ಲಿ ರೇಡಿಯೋ ನಾಟಕದಿಂದ ಶುರುಮಾಡಿದವಳು, ಆಮೇಲೆ ಬೆಂಗಳೂರಿನಲ್ಲಿ ಡಬ್ಬಿಂಗ್ ಹಿಡಿದೆ. ಕನ್ನಡ ಬಾರದ ನಾಯಕಿಯರು ತೆರೆಯ ಮೇಲೆ ತುಟಿ ಆಡಿಸುವರು, ಕತ್ತಲ ಕೋಣೆಯಲ್ಲಿ ನಿಂತು ಅವರ ಪರವಾಗಿ ನಾನು ಅಳಬೇಕು. ಚಪ್ಪಾಳೆಯೆಲ್ಲ ಆ ಮುಖಗಳಿಗೆ. ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇಕೆ? ರಂಗದ ಮೇಲೂ ದುಡಿದೆ, ಆದರೆ ಕೊನೆಯ ಸಾಲಿನವರಿಗೆ ನನ್ನ ಮುಖ ಎಲ್ಲಿ ಕಾಣಬೇಕು!

ಕೆನಡಾದ ಎರಿನ್ ಮಿಲ್ಸ್‌ಗೆ ಬಂದಮೇಲೆ ರಾಜ್ಯೋತ್ಸವದ ನಾಟಕಗಳಲ್ಲಿ ಪಾರ್ಟು ಮಾಡಿಕೊಂಡಿದ್ದೆ. ಅಂಥದ್ದೊಂದನ್ನು ನೋಡಿ ನನ್ನನ್ನು ಕರೆದವಳು ವಾರವಿಡೀ ಸಾಫ್ಟ್‌ವೇರ್ ಕೆಲಸ ಮಾಡಿ, ಶನಿವಾರ ಭಾನುವಾರ ಕನ್ನಡ ಸಿನಿಮಾ ತೆಗೆಯುವ ಒಬ್ಬ ಹೆಣ್ಣುಮಗಳು. ವಿಟ್ಬಿಯ ಒಂದು ಅಡುಗೆಮನೆಯಲ್ಲಿ ಶೂಟಿಂಗ್. ಅಕ್ಕ ತೀರಿಹೋದ ಸುದ್ದಿಯನ್ನು ಫೋನಿನಲ್ಲಿ ಕೇಳುವ ತಂಗಿ ನಾನು. ಕ್ಯಾಮೆರಾ ಮೂಗಿನ ಮುಂದೆಯೇ. ಮೊದಲ ಟೇಕಿನಲ್ಲಿ ಚೆನ್ನಾಗಿ ಅತ್ತೆನೆಂದು ಬೀಗಿದೆ.

"ವಾಯ್ಸ್ ಸೂಪರ್ ಆಂಟಿ," ಎಂದಳು ಅವಳು. "ಆದ್ರೆ ಫೇಸ್ ಏನೂ ಮಾಡ್ತಾನೇ ಇಲ್ಲ."

ಮಾನಿಟರಿನಲ್ಲಿ ನೋಡಿದೆ. ನಿಜ, ಪಡಿತರ ಚೀಟಿಯ ಫೋಟೋದಂಥ ಮುಖ. ಡಬ್ಬಿಂಗಿನವರ ಅಭ್ಯಾಸವೇ ಅದು. ತಲೆ ಚೂರು ಸರಿದರೆ ದನಿ ಮೈಕಿನಿಂದ ಜಾರುತ್ತದೆ, ಬಳೆ ಸದ್ದಾದರೆ ಟೇಕ್ ಕೆಟ್ಟಿತು. ವರ್ಷಗಟ್ಟಲೆ ಗೂಟದಂತೆ ನಿಂತು ಬರೀ ಗಂಟಲಲ್ಲಿ ನಗುತ್ತ ಅಳುತ್ತ ಬದುಕಿದವಳು ನಾನು. ತಲೆಯ ಮೇಲೆ ಕೋಲಿನ ತುದಿಯ ಮೈಕು ಕಂಡದ್ದೇ ತಡ, ಮುಖ ತಾನಾಗಿ ಬಿಗಿದುಕೊಂಡಿತ್ತು.

ಇನ್ನೂ ಮೂರು ಟೇಕ್ ಆಯಿತು. ಅದೇ ಮುಖ.

"ಪರ್ವಾಗಿಲ್ಲ ಆಂಟಿ, ಬ್ಯಾಕಿಂದ ತಗೊಳ್ಳೋಣ. ನಿಮ್ ವಾಯ್ಸೇ ಸಾಕು."

ಬೆನ್ನಂತೆ! ಮೈಯೆಲ್ಲ ಉರಿದುಹೋಯಿತು. ಈ ವಯಸ್ಸಿನಲ್ಲಿ ಇನ್ನೊಂದು ಅವಕಾಶ ಯಾರು ಕೊಡುತ್ತಾರೆ?

"ಬೆನ್ನು ತೋರ್ಸೋಕೆ ನಾನೇ ಯಾಕಮ್ಮ ಬೇಕು? ಆ ಮೈಕ್ ಆಚೆ ಕಳ್ಸು. ಈಗ ಸುಮ್ನೆ ಆಕ್ಟ್ ಮಾಡ್ತೀನಿ, ದನಿ ಆಮೇಲೆ ಕೊಡ್ತೀನಿ."

"ಲಿಪ್ ಸಿಂಕ್ ಆಗ್ಬೇಕಲ್ಲ ಆಂಟಿ, ರಿಸ್ಕು."

"ಅದು ನನ್ ಕಸುಬು. ನೀನು ಕ್ಯಾಮೆರಾ ನೋಡ್ಕೋ."

ಮೈಕು ನಡುಮನೆಗೆ ಹೋಯಿತು. ಫೋನನ್ನು ಕಿವಿಗಿಟ್ಟುಕೊಂಡೆ. ಗಂಟಲನ್ನು ಕಾಯುವ ಕೆಲಸವಿಲ್ಲ, ಬಳೆಯ ಭಯವಿಲ್ಲ. ಗದ್ದ ನಡುಗಿತು, ಮೂಗು ಸೋರಿತು, ಸೆರಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಮಾತು ಅರ್ಧಂಬರ್ಧ ಬಂತು, ಬಂದ ಹಾಗೆ ಬಿಟ್ಟೆ. ಕಟ್ ಎಂದವಳು ಫ್ರಿಜ್ಜಿನ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ನನಗೆ ಎಷ್ಟು ಖುಷಿಯಾಯಿತೆಂದರೆ ಕುಣಿಯುವುದೊಂದು ಬಾಕಿ.

ಎರಡು ವಾರದ ಮೇಲೆ ವುಡ್‌ಬ್ರಿಡ್ಜಿನ ಪುಟ್ಟ ಸ್ಟುಡಿಯೋದಲ್ಲಿ ಡಬ್ಬಿಂಗ್. ತೆರೆಯ ಮೇಲೆ ಕೆಂಪು ಮೂಗಿನ, ಸುಕ್ಕು ಕತ್ತಿನ ಹೆಂಗಸೊಬ್ಬಳು ಬಂದಳು. ಅವಳ ಉಸಿರು ಎಲ್ಲಿ ತುಂಡಾಗುತ್ತದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದೇ ಟೇಕಿಗೆ ಮುಗಿಯಿತು.

ಹೊರಗೆ ಕನ್ನಡ ಬಾರದ ಗುಮಾಸ್ತೆಯೊಬ್ಬಳು ತಲೆಯೆತ್ತದೆ ಫಾರಂ ತುಂಬುತ್ತಿದ್ದಳು. ನಟಿಯ ಹೆಸರು ಕೇಳಿದಳು. ಹೇಳಿದೆ. ದನಿ ಕೊಟ್ಟವರ ಹೆಸರು ಕೇಳಿದಳು. ಅದೇ ಹೆಸರನ್ನು ಇನ್ನೊಮ್ಮೆ ಹೇಳಿದೆ, ಕೊನೆಯ ಸಾಲಿಗೂ ಕೇಳಿಸುವಂತೆ.