ಪುಟ್ಟಮ್ಮ ಮಾಡಿದ ನನ್ನ ಪಾತ್ರ

ಪುಟ್ಟಮ್ಮ ಕುರ್ಚಿಯಲ್ಲಿ ಕೂತು ಪೆನ್ನಿನಿಂದ ಕಿವಿ ಕೆರೆದುಕೊಂಡದ್ದೇ ತಡ, ಎಲ್ಲರೂ ಹೋ ಎಂದು ನಕ್ಕರು. ಜೋರಾಗಿ ನಕ್ಕವನು ನಾನೇ.

ಪಾಂಡವಪುರದಲ್ಲಿ ಸ್ಥಳೀಯ ಸಂಸ್ಥೆಗಳ ನೌಕರರಿಗೆ ಮಾನವ ಹಕ್ಕುಗಳ ತರಬೇತಿ. ಕಚೇರಿಗೆ ಬಂದವರನ್ನು ಹೇಗೆ ಮಾತಾಡಿಸುತ್ತೀರಿ, ಆಡಿ ತೋರಿಸಿ ಎಂದರು ತರಬೇತಿಯ ಮೇಡಂ. ಸಾಹೇಬರ ಕೆಮ್ಮನ್ನೂ ಬಿಡದೆ ಅಣಕಿಸುವ ಪುರಸಭೆ ಗುಮಾಸ್ತ ನಾನು. ಅರ್ಜಿ ಹಿಡಿದ ರೈತನಾಗಿ ನಿಂತೆ. ಗುಮಾಸ್ತನಾಗಲು ಪಕ್ಕದ ಊರಿನ ಪೌರಕಾರ್ಮಿಕರ ಸಾಲಿನಿಂದ ಪುಟ್ಟಮ್ಮ ಎದ್ದು ಬಂದಿದ್ದಳು.

ತಲೆ ಎತ್ತದೆ ಗದರಿದಳು: “ನೆಳ್ಳು ಬೀಳ್ತದೆ, ಅತ್ಲಾಗ್ ನಿಂತ್ಕೊಳಯ್ಯ. ಸೋಮ್ವಾರ ಬಾ, ಓಗು!”

“ಯಾರಮ್ಮ ಈ ಪುಣ್ಯಾತ್ಮ?” ಎಂದೆ, ನಗು ತಡೆಯಲಾರದೆ.

“ನೀವೇ ಕಣ್ ಸಾ! ನಿಮ್ಮೂರ್ ಆಸ್ಪತ್ರೇಲಿ ಉಟ್ಟಿದ್ ಮಗೀನ ಜನನ ಪತ್ರಕ್ಕೆ ನಿಮ್ ತಾವ ಮೂರು ಸೋಮ್ವಾರ ಬಂದೀವ್ನಿ. ಅದಿಲ್ದೆ ಇಸ್ಕೂಲ್ಗೆ ಸೇರಿಸ್ಕೊಳಾಕಿಲ್ಲ ಅಂತಾವ್ರೆ. ನೀವು ತಲೆ ಎತ್ತಿದ್ರೆ ತಾನೇ ನನ್ ಗುರ್ತು ಸಿಕ್ಕೋದು?”

ನನ್ನ ಪೆನ್ನು ಆಗಲೇ ಕಿವಿಯ ಹತ್ತಿರ ಹೋಗಿತ್ತು. ಮೆಲ್ಲಗೆ ಜೇಬಿಗೆ ಇಳಿಸಿದೆ.

ಮರುದಿನ ಪುಟ್ಟಮ್ಮ ನನ್ನ ಕಚೇರಿಗೆ ಬಂದಾಗ ಎದ್ದು ನಿಂತು ಸ್ಟೂಲು ಕೊಟ್ಟು, ಅವಳ ಎದುರೇ ಜನನ ಪತ್ರ ಮಾಡಿಸಿಕೊಟ್ಟೆ. ಈಗ ಮೇಜಿನ ಮೇಲೆ ನೆರಳು ಬಿದ್ದರೆ ಮೊದಲು ತಲೆ ಎತ್ತುತ್ತೇನೆ. ಊರನ್ನೆಲ್ಲ ಅಣಕಿಸುವ ನನಗೆ, ನನ್ನ ಪಾತ್ರ ಮಾತ್ರ ಪುಟ್ಟಮ್ಮನಷ್ಟು ಚೆನ್ನಾಗಿ ಬರುವುದಿಲ್ಲ.