ಗಿಲ್ಡಿನ ಅರ್ಜಿ, ಓಣಿಯ ನಿಯಮ

ಮಗಳು ಮೊಬೈಲಿನಲ್ಲಿ ಆನ್‌ಲೈನ್ ಆಟದ ಗಿಲ್ಡ್ ಎಂಬ ಆಟಗಾರರ ಗುಂಪು ಸೇರಲು ಅರ್ಜಿ ತುಂಬುತ್ತಿದ್ದಳು. ವಯಸ್ಸು, ಆಡುವ ಹೊತ್ತು ಎಲ್ಲ ಬರೆದು, ‘ನಿನ್ನನ್ನು ಏಕೆ ಸೇರಿಸಿಕೊಳ್ಳಬೇಕು?’ ಎಂಬಲ್ಲಿ ನಿಂತಳು.

ನಾನು ಚಿಕ್ಕವಳಿದ್ದಾಗ ಬನಹಟ್ಟಿಯ ನಮ್ಮ ಓಣಿಯಲ್ಲಿ ಹುಡುಗಿಯರ ಖೋ-ಖೋ ಗುಂಪಿಗೆ ಒಂದೇ ನಿಯಮವಿತ್ತು. ಮನೆಯ ಮಗ್ಗದ ಲಾಳಿಗೆ ಹಾಕುವ ಕಂಡಿಕೆ ಎಂಬ ಪುಟ್ಟ ಕೊಳವೆಗಳಿಗೆ ನೂಲು ಸುತ್ತಿ ಮುಗಿಸಿದವಳಿಗೆ ಮಾತ್ರ ಆಟ. ನನ್ನ ಕೈ ನಿಧಾನ. ನಾನು ಮುಗಿಸುವಷ್ಟರಲ್ಲಿ ಆಟವೇ ಮುಗಿದಿರುತ್ತಿತ್ತು. ಒಂದು ಸಂಜೆ ಅವಸರದಲ್ಲಿ ಸಡಿಲವಾಗಿ ಸುತ್ತಿಟ್ಟು ಆಟಕ್ಕೆ ಓಡಿ, ಮುಗಿಸಿದೆ ಎಂದೆ. ಸ್ವಲ್ಪ ಹೊತ್ತಿಗೆ ಅಪ್ಪ ಮಗ್ಗ ನಿಲ್ಲಿಸಿ ಹೊರಗೆ ಬಂದರು.

"ಏನ್ ಸುತ್ತೀಯವಾ ಇದು? ನೂಲೆಲ್ಲಾ ಸಿಕ್ಕಾಗೇತಿ."

ಗುಂಪಿನ ಹಿರಿಯಳು ಮಾದೇವಿ ನನ್ನತ್ತ ತಿರುಗಿದಳು. ಇನ್ನು ನನ್ನನ್ನು ಗುಂಪಿನಿಂದ ಕೈಬಿಡುತ್ತಾಳೆ ಎಂದುಕೊಂಡೆ.

"ಮುಗಿದಿಲ್ಲಂತ ಖರೆ ಹೇಳಿದ್ರ ನಾವ್ ಕೈ ಹಚ್ಚಾಕ ಬರ್ತಿದ್ದಿಲ್ಲೇನ ಹುಚ್ಚಿ? ನಡೀರೆ ಎಲ್ಲಾರೂ, ಮೊದ್ಲ ಇಕಿ ಕಂಡಿಕಿ ಮುಗಿಸೂಣು."

ಒಂದೇ ರಾಟೆಯ ಸುತ್ತ ಎಲ್ಲರೂ ಕುಳಿತರು. ಸಿಕ್ಕು ಬಿಡಿಸಿದರು, ಸರದಿಯಲ್ಲಿ ಸುತ್ತಿದರು. "ಒಂದ್ ಮಗ್ಗಕ್ಕ ಇಷ್ಟ ಮಂದಿ ಏನ್ರೆವಾ!" ಎಂದು ಅಪ್ಪ ನಕ್ಕರು. ಅಂದು ಯಾರೂ ಆಡಲಿಲ್ಲ.

"ಏನ್ ಬರೀಲವ್ವಾ?" ಎಂದಳು ಮಗಳು.

"ನನಗಿನ್ನೂ ಆಟ ಪೂರಾ ಬರೂದಿಲ್ಲ ಅಂತ ಬರಿ."

"ಹಂಗ ಬರದ್ರ ತಗೋತಾರೇನ?"

"ತಗೊಂಡ್ರ, ಅವರನ್ನ ಬಿಡಬ್ಯಾಡ."